ಗೆರೆ ಬೀಳದ ಹಾಗೆ

ಅಂಗಡಿಯ ಹೆಂಗಸು ಮೂರು ಬಗೆಯ ಸಾಮಾನುಗಳನ್ನು ಗಾಜಿನ ಕೌಂಟರಿನ ಮೇಲಿಟ್ಟು, ಮುಟ್ಟಿ ನೋಡಿ ಸಾರ್ ಎಂದಾಗ, ಅದಕ್ಕಾಗಿ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಬೇಕೆಂಬುದು ಅಮರೇಶನಿಗೆ ಒಡನೆ ಹೊಳೆಯಲಿಲ್ಲ. ಮೊದಲನೆಯದು ಇಟ್ಟಿಗೆಯ ಆಕಾರದ ಹಳದಿ ಸ್ಪಂಜು. ಅದರ ಪಕ್ಕ ಮಡಿಸಿದ ನೀಲಿ ಬಟ್ಟೆ. ಮೂರನೆಯದು ಕೈಗೆ ಗವಸಿನ ಹಾಗೆ ತೊಟ್ಟುಕೊಳ್ಳುವ ಬೂದು ಚೀಲ; ಅದರ ಮೈತುಂಬ ಶ್ಯಾವಿಗೆಯಂಥ ದಪ್ಪ, ಮೆತ್ತನೆಯ ಎಳೆಗಳು. ಆಕೆ ಅದನ್ನು ಮಿಟ್ಟು ಎಂದಳು. ಭಾನುವಾರ ಬೆಳಗಿನ ಒಂಬತ್ತು ಗಂಟೆ, ಸಿಂಗಸಂದ್ರದ ಸರ್ವಿಸ್ ರಸ್ತೆಯಲ್ಲಿ ಆಗಲೇ ಬಾಗಿಲು ತೆರೆದಿದ್ದ ಕಾರು ಸಾಮಾನಿನ ಅಂಗಡಿ ಅದೊಂದೇ. ಮೇಲಿನ ಸೇತುವೆಯಲ್ಲಿ ಲಾರಿಗಳು ಹಾದಾಗಲೆಲ್ಲ ಗೋಡೆಗೆ ನೇತುಹಾಕಿದ್ದ ಸೀಟ್ ಕವರುಗಳು ಸಣ್ಣಗೆ ಅಲುಗುತ್ತಿದ್ದವು. ಹನ್ನೊಂದಕ್ಕೆ ಕಾರು ನೋಡಲು ಜನ ಬರುತ್ತಾರೆ, ಅಷ್ಟರೊಳಗೆ ತೊಳೆದಿಡಿ ಎಂದು ಹೆಂಡತಿ ಕಾವ್ಯಾ ಹೇಳಿದ್ದಳು. ಅವನು ಪಾತ್ರೆ ತಿಕ್ಕುವ ಸ್ಪಂಜನ್ನೇ ಎತ್ತಿಕೊಂಡು ಕೆಳಗಿಳಿಯಲು ಹೊರಟಾಗ ಅವಳು ಅದನ್ನು ಕೈಯಿಂದ ತೆಗೆದುಕೊಂಡು ಸಿಂಕಿನ ಪಕ್ಕ ಇಟ್ಟು, ಇದರಿಂದ ಗೆರೆ ಬೀಳುತ್ತದೆ, ಸರಿಯಾದದ್ದು ಒಂದು ತನ್ನಿ ಎಂದಿದ್ದಳು. ಬೈದಿರಲಿಲ್ಲ. ಎರಡು ತಿಂಗಳಿಂದ ಅವಳು ಅವನಿಗೆ ಯಾವುದಕ್ಕೂ ಬೈಯುತ್ತಿರಲಿಲ್ಲ.

ಗಾಡಿ ಯಾವ ಬಣ್ಣ ಎಂದು ಅಂಗಡಿಯವಳು ಕೇಳಿದಳು. ಕಪ್ಪು ಎಂದ. ಹಾಗಿದ್ದರೆ ಸ್ಪಂಜಿನ ಮಾತೇ ಬೇಡ ಎಂದು ಅವಳು ಅದನ್ನು ಬದಿಗೆ ಸರಿಸಿದಳು. ಸ್ಪಂಜಿನ ಮೈ ಸಪಾಟು. ಮರಳಿನ ಒಂದು ಹರಳು ಅದರಡಿ ಸಿಕ್ಕಿತೆಂದರೆ ಅದಕ್ಕೆ ಹೋಗಲು ಜಾಗವಿಲ್ಲ, ನಾವು ಕೈ ಎಳೆದ ಕಡೆಗೆಲ್ಲ ಗೀಚುತ್ತ ಬರುತ್ತದೆ, ಒದ್ದೆ ಇರುವವರೆಗೆ ಕಾಣುವುದಿಲ್ಲ, ಬಿಸಿಲಿಗೆ ನಿಲ್ಲಿಸಿದಾಗ ಜೇಡರ ಬಲೆಯ ಹಾಗೆ ಎದ್ದು ಕಾಣುತ್ತದೆ. ಮಿಟ್ಟಿನ ಎಳೆಗಳಾದರೆ ಹರಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಎರಡು ಬಕೆಟ್ ಇಟ್ಟುಕೊಳ್ಳಬೇಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು; ಒಂದೊಂದು ಭಾಗ ಒರೆಸಿದ ಮೇಲೂ ಬರೀ ನೀರಿನಲ್ಲಿ ಜಾಲಿಸಿ ಹಿಂಡಬೇಕು. ಧೂಳು ದಪ್ಪಗೆ ಕೂತಿದ್ದರೆ ಮೊದಲು ಮುಟ್ಟಲೇಬಾರದು, ನೀರು ಸುರಿದು ಅದರಷ್ಟಕ್ಕೆ ಇಳಿಯಲು ಬಿಡಬೇಕು. ಚಾವಣಿಯಿಂದ ಶುರುಮಾಡಿ ಕೆಳಗೆ ಬರಬೇಕು. "ಬಂಪರ್‌ನ ಲಾಸ್ಟಿಗೆ ಇಟ್ಕೊಳ್ಳಿ ಸಾರ್, ರೋಡಲ್ಲಿರೋದೆಲ್ಲ ಅಲ್ಲೇ ಬಂದು ಕೂತಿರತ್ತೆ" ಎಂದಳು. ಅವನು ತಲೆಯಾಡಿಸಿದ. ಮಿಟ್ಟನ್ನು ಕೆನ್ನೆಗೆ ತಾಗಿಸಿ ನೋಡಿ, ಚರ್ಮಕ್ಕೆ ಒರಟೆನಿಸದಿದ್ದರೆ ಬಣ್ಣಕ್ಕೂ ಒರಟಲ್ಲ ಎಂದಳು. ಅವನು ಅದನ್ನು ಕೆನ್ನೆಗೆ ಒತ್ತಿಕೊಂಡ. ಮೆತ್ತಗಿತ್ತು ಎಂಬುದು ಗೊತ್ತಾಯಿತು, ಆದರೆ ಯಾರೋ ಹೇಳಿದಂತೆ ಗೊತ್ತಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಹಿಂದೆ ಹೆಲ್ಮೆಟ್ ಕೇಳಲು ಬಂದಿದ್ದವನೊಬ್ಬ ಗಂಟಲು ಸರಿಮಾಡಿಕೊಂಡ. ಹೊಸ ಗಾಡಿಯೇ ಎಂದು ಅವಳು ನಗುತ್ತ ಕೇಳಿದಳು. ಅಲ್ಲ, ಮಾರುವ ಗಾಡಿ ಎಂದ. ಮಾರುವ ಗಾಡಿಗೆ ಇಷ್ಟು ಯೋಚಿಸುವವರನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು.

ಅಂಗಡಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಸರ್ವಿಸ್ ರಸ್ತೆಯಲ್ಲಿ ಎಡಗಡೆಗೆ ನಡೆದರೆ ಆ ಅಡ್ಡರಸ್ತೆಯ ಬಾಯಿ ಸಿಗುತ್ತದೆ. ಅವನು ಎರಡು ತಿಂಗಳಿಂದ ಮಾಡುವಂತೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೊರಟ. ಆ ಅಡ್ಡರಸ್ತೆಯ ಬಾಯಲ್ಲೊಂದು ಎಳನೀರಿನ ಗಾಡಿ ಇತ್ತು, ಈಗಲೂ ಇರಬಹುದು. ಎರಡು ತಿಂಗಳ ಹಿಂದಿನ ಆ ದಿನ ಮಂಗಳವಾರ, ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಸದ್ದು ದೊಡ್ಡದೇನೂ ಆಗಿರಲಿಲ್ಲ. ಕಾರು ತಾಗಿದ ಹೆಂಗಸು ಸೀರೆಯ ಮೇಲೆ ಹೌಸ್‌ಕೀಪಿಂಗಿನವರ ನೀಲಿ ಕೋಟು ತೊಟ್ಟಿದ್ದಳು. ಬಾನೆಟ್ಟಿನ ಅಂಚಿಗೆ ಅವಳ ಕೈ ಬಂದು ತಾಗಿ, ಅಲ್ಲಿಂದ ಜಾರಿ, ಕೆಳಗೆ ಹೋಯಿತು. ಯಪ್ಪಾ ಎಂದಳು. ಸಿಂಗಸಂದ್ರದ ನಡುರಸ್ತೆಯಲ್ಲಿ ತನ್ನ ಹಾವೇರಿ ಕಡೆಯ ಮಾತು ಕೇಳಿ ಅವನಿಗೆ ಮೊದಲು ಆದದ್ದು ಆಶ್ಚರ್ಯ, ಭಯ ಆಮೇಲೆ. ಕಾರಿನಿಂದ ಇಳಿದ, ಇಳಿದದ್ದಂತೂ ನಿಜ. ಎಳನೀರಿನವನು, ಇನ್ನಿಬ್ಬರು ಸೇರಿ ಅವಳನ್ನೆತ್ತಿ ಆಟೋದಲ್ಲಿ ಕೂರಿಸಿದರು, ಅವಳ ಎಡಗಾಲು ಆಟೋದೊಳಗೆ ಸೇರಲಿಲ್ಲ, ಯಾರೋ ಅದನ್ನು ಹಿಡಿದುಕೊಂಡರು. ಸಾರ್ ನೀವು ಹಿಂದೆ ಬನ್ನಿ ಎಂದ ಆಟೋದವನು. ಹಿಂದೆಯೇ ಹೋದ. ಸಿಗ್ನಲ್ಲಿನಲ್ಲಿ ಆಟೋ ಎಡಕ್ಕೆ ಆಸ್ಪತ್ರೆಯ ಕಡೆ ತಿರುಗಿತು. ಅವನ ಕಾರು ನೇರ ಹೋಗುವ ಸಾಲಿನಲ್ಲಿತ್ತು, ಹಸಿರು ಬಿತ್ತು, ಹಿಂದಿನವರು ಹಾರ್ನ್ ಹೊಡೆದರು, ಅವನು ನೇರ ಹೋದ. ನಿರ್ಧಾರವೆಂದು ಕರೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಬೆಳ್ಳಂದೂರಿನ ಆಫೀಸಿನ ಪಾರ್ಕಿಂಗಿನಿಂದ ಕಾವ್ಯಾಳಿಗೆ ಫೋನು ಮಾಡಿ, ಒಂದು ಸಣ್ಣ ಇದಾಯಿತು, ಒಬ್ಬ ಹೆಂಗಸು ಸಡನ್ನಾಗಿ ಅಡ್ಡ ಬಂದುಬಿಟ್ಟಳು ಎಂದ. ಆಸ್ಪತ್ರೆಯ ಹೆಸರು ಹೇಳಿದ. ಆಮೇಲೆ ಲಿಫ್ಟಿನಲ್ಲಿ ಮೇಲೆ ಹೋಗಿ, ಏಳು ನಿಮಿಷ ತಡವಾದದ್ದಕ್ಕೆ ಕ್ಷಮೆ ಕೇಳಿ, ಮೀಟಿಂಗಿನಲ್ಲಿ ಕೂತ. ಅಂದು ಅವನು ಚೆನ್ನಾಗಿ ಮಾತಾಡಿದನೆಂದು ಮ್ಯಾನೇಜರು ಸಂಜೆ ಮೇಲ್ ಕಳಿಸಿದ್ದ.

ಅದೇ ಸಂಜೆ ಮನೆಗೆ ಬಂದಾಗ ಕಾವ್ಯಾ, ಎಲ್ಲಾ ನೋಡಿಕೊಂಡಿದ್ದೇನೆ, ನೀವು ಚಿಂತೆ ಮಾಡಬೇಡಿ ಎಂದು ಊಟಕ್ಕೆ ಬಡಿಸಿದ್ದಳು. ಏನು ನೋಡಿಕೊಂಡೆ ಎಂದು ಅವನು ಕೇಳಲಿಲ್ಲ. ಮರುದಿನ ಕೇಳಬಹುದು ಎಂದುಕೊಂಡ. ಮರುದಿನ ಕೇಳದೆ ಇದ್ದುದರಿಂದ ಅದರ ಮರುದಿನ ಕೇಳುವುದು ಇನ್ನಷ್ಟು ಕಷ್ಟವಾಯಿತು, ಒಂದು ವಾರವಾದ ಮೇಲೆ, ಈಗ ಕೇಳಿದರೆ ಇಷ್ಟು ದಿನ ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆಂದು ಸುಮ್ಮನಾದ. ಕಾರನ್ನು ಮತ್ತೆ ಮುಟ್ಟಲಿಲ್ಲ. ಆಫೀಸಿಗೆ ಕ್ಯಾಬಿನಲ್ಲಿ ಹೋಗುತ್ತಿದ್ದ, ಕ್ಯಾಬಿನಲ್ಲಿ ನಿದ್ದೆ ಬರುತ್ತಿತ್ತು, ಊಟ ರುಚಿಸುತ್ತಿತ್ತು. ತನಗೆ ಏನೂ ಆಗಿಲ್ಲವೆಂಬುದೇ ಒಮ್ಮೊಮ್ಮೆ ಅವನನ್ನು ಕಾಡುತ್ತಿತ್ತು. ಜೋಮು ಹಿಡಿದ ಕಾಲನ್ನು ಚಿವುಟಿ ನೋಡುವವನ ಹಾಗೆ, ಆಕೆ ಸತ್ತಿರಬಹುದು ಎಂದು ಬೇಕೆಂದೇ ಯೋಚಿಸಿ ನೋಡುತ್ತಿದ್ದ. ಏನೂ ಅನಿಸುತ್ತಿರಲಿಲ್ಲ. ಮತ್ತೆ ಫೋನಿನಲ್ಲಿ ಏನಾದರೂ ನೋಡುತ್ತಿದ್ದ.

ಕಾರು ಅಪಾರ್ಟ್‌ಮೆಂಟಿನ ಕಾಂಪೌಂಡಿನ ಪಕ್ಕ ನಿಂತಿತ್ತು. ಆಚೆ ಸೈಟಿನಲ್ಲಿ ಹೊಸ ಕಟ್ಟಡ ಏಳುತ್ತಿದ್ದುದರಿಂದ ಎರಡು ತಿಂಗಳ ಸಿಮೆಂಟು ಧೂಳು ಅದರ ಮೇಲೆ ಹೊದಿಕೆಯಂತೆ ಕೂತು ಬಣ್ಣ ಯಾವುದೆಂದು ತಿಳಿಯದಂತಾಗಿತ್ತು. ಅವನು ಅಂಗಡಿಯವಳು ಹೇಳಿದ ಹಾಗೆಯೇ ನೀರು ಸುರಿದ. ಧೂಳು ಬೂದು ಗಂಜಿಯಾಗಿ ಇಳಿದು ಚರಂಡಿಯ ಕಡೆ ಹರಿಯಿತು, ಕಪ್ಪು ಹೊರಗೆ ಬಂತು. ಟೈಲ್ಸ್ ಕತ್ತರಿಸುವ ಯಂತ್ರದ ಸದ್ದು ಶುರುವಾಗಿ ನಿಂತು ಮತ್ತೆ ಶುರುವಾಗುತ್ತಿತ್ತು. ಎರಡು ಬಕೆಟ್ ಇಟ್ಟುಕೊಂಡ, ಮಿಟ್ಟು ತೊಟ್ಟುಕೊಂಡ, ಶಾಂಪೂ ನೀರಿನಲ್ಲಿ ಅದ್ದಿದ. ಚಾವಣಿಯಿಂದ ಶುರುಮಾಡಬೇಕೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಆದರೆ ಚಾವಣಿ, ಗಾಜು, ಬಾಗಿಲುಗಳನ್ನೆಲ್ಲ ತೊಳೆಯುವಷ್ಟು ಹೊತ್ತೂ ಕೆಳಗೆ ಬಂಪರು ತನ್ನ ಸರದಿಗಾಗಿ ಕಾದಿರುತ್ತದೆ, ಕೊನೆಗೆ ಅದೊಂದೇ ಉಳಿಯುತ್ತದೆ ಎಂಬುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಹೋಗಿ ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಡಭಾಗದಲ್ಲಿ ಅಂಗೈಯಗಲದ ತಗ್ಗು. ಅದರ ಮೇಲೆ ಮಿಟ್ಟನ್ನು ಆಡಿಸಿದ, ಕೆಳಗಿನ ಜಾಲರಿಯೊಳಕ್ಕೂ ಬೆರಳು ತೂರಿಸಿ ಒರೆಸಿದ, ಬೇಗ ಬೇಗ, ಮಗುವಿನ ಹೊಲಸು ಬಳಿಯುವವರಂತೆ ಮುಖ ಒಂದಿಷ್ಟು ತಿರುಗಿಸಿಕೊಂಡು. ಮುಗಿಯಿತು ಎಂಬ ನೆಮ್ಮದಿಯಲ್ಲಿ, ಜಾಲಿಸುವುದನ್ನು ಮರೆತು, ಅದೇ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಎಡದಿಂದ ಬಲಕ್ಕೆ ನೀಳವಾಗಿ ಎಳೆದ.

ಸಣ್ಣದೊಂದು ಕಿರ್ ಎಂಬ ಸದ್ದು ಬಂತು. ಕೈ ನಿಲ್ಲಲಿಲ್ಲ. ಅದು ಸದ್ದೆಂದು ಮನಸ್ಸಿಗೆ ತಿಳಿಯುವಷ್ಟರಲ್ಲಿ ಬಾನೆಟ್ಟಿನ ಆಚೆಯ ಅಂಚು ಮುಟ್ಟಿತ್ತು. ನೀರು ಜಾರಿದ ಮೇಲೆ ನೋಡಿದರೆ ಒಂದು ಮಾರುದ್ದದ ಬಿಳಿಯ ಗೆರೆ, ಪೆನ್ಸಿಲಿನಿಂದ ಎಳೆದಂತೆ. ಮಿಟ್ಟನ್ನು ಕಳಚಿ ಎಳೆಗಳನ್ನು ಬಿಡಿಸಿ ನೋಡಿದ. ಹಸಿರು ಗಾಜಿನ ಬಳೆಯ ಚೂರು. ಉಗುರಿನಷ್ಟುದ್ದ, ಬಾಗಿತ್ತು, ಒಂದು ಕಡೆ ಬಂಗಾರದ ಚುಕ್ಕೆಯ ಅರ್ಧ ಇನ್ನೂ ಉಳಿದಿತ್ತು. ಎರಡು ತಿಂಗಳಿಂದ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಒದ್ದೆ ನೆಲದ ಮೇಲೆ ಕೂತುಬಿಟ್ಟ. ಆಗ ಅಂದಿನ ಬೆಳಗಿನ ಇನ್ನೊಂದು ತುಂಡು, ಅವನು ಯಾರಿಗೂ ಹೇಳದೆ ಬಿಟ್ಟಿದ್ದು, ತನಗೂ ಹೇಳಿಕೊಳ್ಳದೆ ಬಿಟ್ಟಿದ್ದು, ಯಾವ ಅವಸರವೂ ಇಲ್ಲದೆ ಬಂದು ಎದುರು ನಿಂತಿತು. ಹೆಂಗಸು ಸಡನ್ನಾಗಿ ಬಂದಿರಲಿಲ್ಲ. ಅವಳು ಎಲ್ಲಿಂದ ಬಂದಳೆಂಬುದೇ ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅವನು ಫೋನು ನೋಡುತ್ತಿದ್ದ. ಮೀಟಿಂಗು ನಾಲ್ಕನೇ ಮಹಡಿಯ ಬದಲು ಆರನೇ ಮಹಡಿಯಲ್ಲಿ ಎಂದು ಯಾರೋ ಬರೆದಿದ್ದರು. ಅವನು ಅದನ್ನು ಓದಿ, ಸರಿ ಎಂಬ ಗುರುತನ್ನು ಒತ್ತಲು ಹೆಬ್ಬೆರಳನ್ನು ಎತ್ತಿದ್ದ.

ಕಾವ್ಯಾ ಕೆಳಗಿಳಿದು ಬಂದಾಗ ಅವನು ಉಳಿದ ಭಾಗವನ್ನೆಲ್ಲ ತೊಳೆದು ಒರೆಸಿ ಮುಗಿಸಿದ್ದ. ಕೈಗಳು ತಮ್ಮಷ್ಟಕ್ಕೆ ಆ ಕೆಲಸ ಮಾಡಿದ್ದವು. ಅವಳು ಗೆರೆಯನ್ನು ನೋಡಿದಳು, ಅವನನ್ನು ನೋಡಿದಳು, ಪಾಲಿಶಿಗೆ ಹೋಗಬಹುದು ಎಂದಷ್ಟೇ ಹೇಳಿ ಬಕೆಟ್ಟುಗಳನ್ನು ಬದಿಗೆ ಸರಿಸಿದಳು. ಅಷ್ಟರಲ್ಲಿ ಕೊಳ್ಳುವವರು ಬಂದರು. ಉಪೇಂದ್ರ ಎಂಬ ಹಿರಿಯರು, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಜೊತೆಗೆ ಮಗಳು ಸುಕೃತಿ. ಅವಳು ಈಗಷ್ಟೇ ಡ್ರೈವಿಂಗ್ ಕಲಿಯುತ್ತಿದ್ದಳು, ಅವಳಿಗಾಗಿಯೇ ಕಾರು. ಹುಡುಗಿ ಒಳಗೆ ಕೂತು ಸೀಟನ್ನು ಹಿಂದೆ ಮುಂದೆ ಸರಿಸಿ ನೋಡಿದಳು. ಉಪೇಂದ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಬಂಪರಿನ ತಗ್ಗಿನ ಮುಂದೆ ಸ್ವಲ್ಪ ನಿಂತು, ಬಾನೆಟ್ಟಿನ ಬಳಿ ಬಗ್ಗಿ, ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನ ಉಗುರನ್ನು ಗೆರೆಯ ಅಡ್ಡಕ್ಕೆ ಆಡಿಸಿದರು. ಉಗುರು ಸಿಕ್ಕಿಕೊಂಡಿತು.

"ಇದು ಇವತ್ತಿನದು" ಎಂದರು. "ಏನ್ ತಾಗಿಸಿದ್ರಿ ಸಾರ್?"

"ಬಳೆ ಚೂರು."

ಮೇಡಂದೇ ಎಂದು ಅವರು ಕಾವ್ಯಾಳ ಕೈ ನೋಡಿದರು. ಅಲ್ಲ ಎಂದ ಅಮರೇಶ. ಬಂಪರಿನಲ್ಲಿ ಸಿಕ್ಕಿಕೊಂಡಿತ್ತು, ಎರಡು ತಿಂಗಳ ಕೆಳಗೆ ಈ ಗಾಡಿಯಿಂದ ಒಬ್ಬ ಹೆಂಗಸಿಗೆ ಗುದ್ದಿದ್ದೆ ಎಂದ. ಹೇಳುವಾಗ ಅವನ ದನಿ ಆಫೀಸಿನಲ್ಲಿ ವರದಿ ಒಪ್ಪಿಸುವಾಗಿನಷ್ಟೇ ಸಮವಾಗಿತ್ತು. ಕಾವ್ಯಾ ರೀ ಎಂದು ಒಮ್ಮೆ ಮೆಲ್ಲಗೆ ಅಂದಳು. ಸುಕೃತಿ ಸ್ಟೇರಿಂಗಿನ ಮೇಲಿದ್ದ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಈಗ ಹೇಗಿದ್ದಾರೆ ಅವರು?" ಎಂದು ಉಪೇಂದ್ರ ಕೇಳಿದರು.

"ಗೊತ್ತಿಲ್ಲ."

ಅವರು ಗೆರೆಯ ಮೇಲಿದ್ದ ಬೆರಳನ್ನು ತೆಗೆದು ಕರ್ಚೀಫಿನಿಂದ ಒರೆಸಿಕೊಂಡರು. ಎರಡು ತಿಂಗಳು ಅಂದರಲ್ಲ ಎಂದರು. ಅಮರೇಶ ಹೌದೆಂದ. ಅವರು ಇನ್ನೇನಾದರೂ ಹೇಳುತ್ತಾರೆಂದು ಅವನು ಕಾದ, ಬೈದರೂ ಆಗುತ್ತಿತ್ತು. ಅವರು ಮಗಳ ಕಡೆ ತಿರುಗಿ, ಇಳಿಯಮ್ಮಾ ಎಂದರು. ಹೋಗುವಾಗ ಕಾವ್ಯಾಳಿಗೆ ಮಾತ್ರ ಕೈಮುಗಿದು, ಮಗು ಕಲಿಯುವ ಗಾಡಿ, ಬೇಡ ಅನಿಸುತ್ತಿದೆ, ತಪ್ಪು ತಿಳಿಯಬೇಡಿ ಎಂದು ಹೇಳಿ ಗೇಟಿನ ಕಡೆ ನಡೆದರು. ಹುಡುಗಿ ಒಮ್ಮೆ ತಿರುಗಿ ನೋಡಿದಳು.

ಕಾವ್ಯಾ ಕಾರಿಗೆ ಒರಗಿ ನಿಂತಳು. ಸಿಟ್ಟು ಬಂದಾಗ ಅವಳು ಹಾಗೆ ನಿಲ್ಲುವುದಿಲ್ಲ, ಓಡಾಡುತ್ತಾಳೆ, ಈಗ ನಿಂತಿದ್ದಳು.

"ಆಕಿ ಹೆಸರು ಲಕ್ಷ್ಮವ್ವ" ಎಂದಳು. "ಅತ್ತಿಬೆಲಿಯೊಳಗ ಮಗಳ ಮನ್ಯಾಗ ಅದಾಳ. ಎಡಗಾಲು ಮಡಚಾಕ ಬರಂಗಿಲ್ಲ. ನಾ ಮೂರು ಸಲ ಹೋಗಿ ಬಂದೀನಿ."

"ನನಗ ಹೇಳಲೇ ಇಲ್ಲ."

"ನೀವು ಒಂದು ದಿನಾನೂ ಕೇಳಲಿಲ್ಲ."

ಆಮೇಲೆ ಅವಳು ಉಳಿದದ್ದನ್ನೂ ಹೇಳಿದಳು. ಅಂದು ಆಸ್ಪತ್ರೆಗೆ ಪೊಲೀಸರು ಬಂದಿದ್ದರು. ಏನಾಯಿತೆಂದು ಲಕ್ಷ್ಮವ್ವನಿಗೆ ಸರಿಯಾಗಿ ಹೇಳಲಾಗುತ್ತಿರಲಿಲ್ಲ. ಗಂಡ ತನಗೆ ಫೋನಿನಲ್ಲಿ ಹೇಳಿದ್ದನ್ನೇ ಕಾವ್ಯಾ ಅವರಿಗೆ ಹೇಳಿದಳು, ಸಡನ್ನಾಗಿ ಅಡ್ಡ ಬಂದರಂತೆ ಎಂದು. ಪೊಲೀಸರು ಹಾಗೇನಮ್ಮಾ ಎಂದು ಕೇಳಿದರು. ಲಕ್ಷ್ಮವ್ವ ಬಹಳ ಹೊತ್ತು ಕಾವ್ಯಾಳ ಮುಖವನ್ನೇ ನೋಡಿ, ಇರಬೇಕು, ನಾನೇ ನೋಡದೆ ದಾಟಿರಬೇಕು ಎಂದಳು. ಹಾಗೆಂದು ಬರೆದುಕೊಂಡು ಅವಳ ಹೆಬ್ಬೆಟ್ಟು ತೆಗೆದುಕೊಂಡರು. ಕೇಸಾಗಲಿಲ್ಲ. ಪುಣ್ಯಾತ್ಗಿತ್ತಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು ಎಂದಳು ಕಾವ್ಯಾ. ಅಮರೇಶ ಈಗ, ಇಲ್ಲೇ ಹೇಳಿಬಿಡಬೇಕು ಎಂದುಕೊಂಡ. ಆದರೆ ಹೆಂಡತಿಯ ಮುಖದಲ್ಲಿ ತನ್ನ ಮಾತಿನ ಮೇಲೆ ಇನ್ನೂ ಉಳಿದಿದ್ದ ನಂಬಿಕೆಯನ್ನು ನೋಡಿ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದಷ್ಟೇ ಹೇಳಿದ. ಕಾರಿನಲ್ಲೇ ಎಂದು ಅವಳು ಕೇಳಿದಳು. ಬೇಡ ಎಂದ. ಬಳೆಯ ಚೂರನ್ನು ಅವನು ಕಾಂಪೌಂಡಿನ ಮೇಲೆ ಇಟ್ಟಿದ್ದ. ಅದು ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ನಿಂತುಕೊಂಡೇ ಹೋದರು. ಕಾರ್ಖಾನೆಗಳ ಉದ್ದನೆಯ ಗೋಡೆಗಳು, ಗೋಡೆಗಳ ಮೇಲಿನ ಮುಳ್ಳುತಂತಿ, ರಜೆಯ ದಿನದ ಖಾಲಿ ಗೇಟುಗಳು ಹಿಂದೆ ಸರಿದವು. ಹೇಳಬೇಕಾದ ಮಾತನ್ನು ಅವನು ಮನಸ್ಸಿನಲ್ಲಿ ಜೋಡಿಸತೊಡಗಿದ. ಜೋಡಿಸಿದಂತೆಲ್ಲ ಅದು ಮೃದುವಾಗುತ್ತ ಹೋಗುತ್ತಿತ್ತು: ಒಂದು ಕ್ಷಣ ಗಮನ ಬೇರೆ ಕಡೆ ಹೋಗಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹೇಗೆ ಹೇಳಿದರೆ ಯಾರಿಗೂ ನೋವಾಗುವುದಿಲ್ಲವೆಂದು ಹುಡುಕುತ್ತಿದ್ದೇನೆ, ಆ ಯಾರಿಗೂ ಎನ್ನುವುದು ನಾನೊಬ್ಬನೇ ಎಂದು ಅವನಿಗೆ ತಿಳಿಯುತ್ತಿತ್ತು, ತಿಳಿದೂ ಹುಡುಕುತ್ತಿದ್ದ. ಅತ್ತಿಬೆಲೆಯಲ್ಲಿ ಇಳಿದು ಸಂತೆಯ ಮಗ್ಗುಲಿನ ಓಣಿಯಲ್ಲಿ ಕಾವ್ಯಾ ಮುಂದೆ ಮುಂದೆ ನಡೆದಳು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ನಿಂತು, ಯಾವುದನ್ನು ಕೊಳ್ಳಬೇಕೆಂದು ಯೋಚಿಸದೆ ಮೋಸಂಬಿ ಕೊಂಡಳು. ಅವಳಿಗೆ ಈ ದಾರಿ ಎಷ್ಟು ರೂಢಿಯಾಗಿದೆ ಎಂಬುದನ್ನು ಅವನು ನೋಡಿದ.

ಸಾಲಾಗಿ ಆರೇಳು ಬಾಡಿಗೆ ಕೋಣೆಗಳು, ತಗಡಿನ ಚಾವಣಿ. ಮೂರನೆಯದರ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲಕ್ಷ್ಮವ್ವ ಕೂತಿದ್ದಳು, ಎಡಗಾಲನ್ನು ಚಾಚಿ ತಿರುವಿಹಾಕಿದ ಬಕೆಟ್ಟಿನ ಮೇಲಿಟ್ಟಿದ್ದಳು. ಅವನು ಅಂದುಕೊಂಡದ್ದಕ್ಕಿಂತ ಚಿಕ್ಕವಳು, ಐವತ್ತೂ ಆಗಿರಲಿಕ್ಕಿಲ್ಲ. ಬಾರವ್ವಾ ಎಂದು ಕಾವ್ಯಾಳನ್ನು ಕರೆದಳು, ಮೋಸಂಬಿ ಯಾಕೆ ತರಲು ಹೋದೆ ಎಂದಳು. ಒಳಗಿನಿಂದ ಮಗಳು ದಾನೇಶ್ವರಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

"ಇವರು ಯಾರವ್ವಾ?" ಎಂದು ಲಕ್ಷ್ಮವ್ವ ಕೇಳಿದಳು.

ಕಾವ್ಯಾ ಅವನ ಕಡೆ ನೋಡಿದಳು. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಸಿಗಲಿಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಮನೆಯ ಹೊರಗೆ ಆಡದ ಊರಿನ ಮಾತು ಬಾಯಿಗೆ ಬಂತು.

"ಆ ಗಾಡಿ ನಾನ ಹೊಡೀತಿದ್ದೆ" ಎಂದ. "ನಿಮ್ಮ ತಪ್ಪು ಏನೂ ಇಲ್ಲ. ನಾ ಫೋನ್ ನೋಡಾಕತ್ತಿದ್ದೆ. ರಸ್ತೆ ನೋಡಲಿಲ್ಲ."

ಪಕ್ಕದ ಕೋಣೆಯಲ್ಲಿ ಕುಕ್ಕರು ಕೂಗಿತು. ಹೆಂಡತಿ ತನ್ನಿಂದ ಒಂದು ಹೆಜ್ಜೆ ಆಚೆ ಸರಿದು ನಿಂತದ್ದು ಅವನಿಗೆ ನೋಡದೆಯೇ ಗೊತ್ತಾಯಿತು. ಎದೆಯೊಳಗೆ ಏನಾದರೂ ಆಗುತ್ತದೆಂದು ಕಾದ. ಆದದ್ದಿಷ್ಟೇ, ಗೋಡೆ ಹಿಡಿದುಕೊಂಡ, ತಗಡಿನ ನೆರಳಲ್ಲೂ ಗೋಡೆ ಬಿಸಿಯಾಗಿತ್ತು, ಆ ಬಿಸಿ ಅಂಗೈಗೆ ಸರಿಯಾಗಿ ತಾಗಿತು. ದಾನೇಶ್ವರಿ ಬಾಗಿಲಲ್ಲೇ ನಿಂತು, ಇದನ್ನು ಸ್ಟೇಷನ್ನಿಗೆ ಬಂದು ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ, ನಾಳೆಯೇ ಬರುತ್ತೇನೆ ಎಂದ. ಮರುದಿನ ಹೋದ ಕೂಡ. ಹೇಳಿಕೆ ಬರೆಸಿದ, ಅಂದು ಆಗದ ಕೇಸು ಈಗ ಆಯಿತು, ಕಾವ್ಯಾ ಬಹಳ ದಿನ ಅವನೊಡನೆ ಮಾತಾಡಲಿಲ್ಲ. ಆದರೆ ಆ ಭಾನುವಾರ, ಮಗಳು ಕೇಳಿದ್ದನ್ನಾಗಲಿ ಅವನು ಕೊಟ್ಟ ಉತ್ತರವನ್ನಾಗಲಿ ಲಕ್ಷ್ಮವ್ವ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳು ಕುರ್ಚಿಯ ಕೈಗಳನ್ನು ಹಿಡಿದು ನೆಟ್ಟಗೆ ಕೂತು, ಎದುರಿನ ಖಾಲಿ ಓಣಿಯನ್ನೇ ರಸ್ತೆ ಮಾಡಿಕೊಂಡು, ಕುತ್ತಿಗೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದಳು. ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿ, ಮತ್ತೆ ಎಡಕ್ಕೆ ತಿರುಗಿಸಿದಳು.

"ನಾ ನೋಡಿದ್ದೆ" ಎಂದಳು, ಯಾರಿಗೂ ಅಲ್ಲ. "ಮೊದಲ ಈ ಕಡೆ ನೋಡಿದೆ. ಆಮ್ಯಾಲ ಆ ಕಡೆ. ನಾ ನೋಡೇ ದಾಟಿದ್ದೆ."